ಬೈಕಿಗೂ ಒಬ್ಬ ಉಸ್ತಾದ್ ಬೇಕು

ಕಾಮರ್ಸ್ ಓದುವ ಹುಡುಗನನ್ನು ಕಂಡರೆ ನೆಂಟರು ಕೇಳುವ ಪ್ರಶ್ನೆ ಒಂದೇ: "ಮುಂದೆ ಸಿಎ ಮಾಡ್ತೀಯಾ, ಬ್ಯಾಂಕ್ ಪರೀಕ್ಷೆ ಬರೀತೀಯಾ?" ಹೋದ ರಂಜಾನ್ ಹಬ್ಬಕ್ಕೆ ಹರಿಹರದ ಖಾಲಾ ಮನೆಗೆ ಹೋದಾಗ ನನ್ನನ್ನೂ ಕೇಳಿದರು. "ಬೈಕ್ ಓಡಿಸೋದನ್ನ ಕಲಿಸೋ ಕೋಚ್ ಆಗ್ತೀನಿ" ಅಂದೆ. ಶೀರ್ ಖುರ್ಮಾ ಕುಡಿಯುತ್ತಿದ್ದ ಖಾಲೂ ಜೋರಾಗಿ ನಕ್ಕರು. "ಅದಕ್ಕೂ ಕೋಚ್ ಬೇಕೇನೋ? ಕ್ಲಚ್ ಮೆಲ್ಲಗೆ ಬಿಡು ಅಂದ್ರೆ ಆಯ್ತಲ್ಲ!" ಎಲ್ಲರೂ ನಕ್ಕರು. ಅಮ್ಮಿ ಮಾತ್ರ ನಗಲಿಲ್ಲ. ನನ್ನ ತಮ್ಮನ ಬಲಗೈ ಕಡೆ ನೋಡಿದರು.

ಆ ಕೈಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ಅಣ್ಣನ ವರಸೆಯವನೊಬ್ಬನ ಬೈಕ್ ತೆಗೆದುಕೊಂಡು, ತಮ್ಮನನ್ನು ಹಿಂದೆ ಕೂರಿಸಿಕೊಂಡು ದಾವಣಗೆರೆಯಿಂದ ಹರಿಹರಕ್ಕೆ ಹೊರಟೆ. ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ, ಈಗಲೂ ಇಲ್ಲ. ಸರ್ವಿಸ್ ರಸ್ತೆಯ ತಿರುವಿನಲ್ಲಿ ಮರಳು ಬಿದ್ದಿತ್ತು, ನಾಯಿ ಅಡ್ಡ ಬಂತು. ಹ್ಯಾಂಡಲ್ ತಿರುಗಿದ್ದಾಗಲೇ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದೆ. ಮುಂದಿನ ಚಕ್ರ ಜಾರಿತು. ನನಗೆ ಮೊಣಕಾಲು ತರಚಿತು ಅಷ್ಟೇ. ಹದಿಮೂರು ವರ್ಷದ ತಮ್ಮನ ಮಣಿಕಟ್ಟು ಮುರಿಯಿತು. ಆರು ವಾರ ಅವನ ಶಾಲೆಯ ನೋಟ್ಸ್ ನಾನೇ ಬರೆದೆ. ಅಮ್ಮಿಗೆ ಉರ್ದು ಬಿಟ್ಟರೆ ಬೇರೆ ಬರೆಯಲು ಬರುವುದಿಲ್ಲ. ರಾತ್ರಿ ನಾನು ಬರೆಯುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದರು.

ತಪ್ಪು ನನ್ನದೇ. ಆದರೆ ಯೋಚಿಸಿ ನೋಡಿ, ಬ್ರೇಕ್ ಹೇಗೆ ಹಿಡಿಯಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿಮಗೆ ಯಾರಾದರೂ ಹೇಳಿಕೊಟ್ಟಿದ್ದಾರಾ? ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಅಣ್ಣನಿಂದ, ಗೆಳೆಯನಿಂದ, ಒಂದು ಸಂಜೆ ಖಾಲಿ ಮೈದಾನದಲ್ಲಿ. ಆಮೇಲೆ ಆರ್‌ಟಿಓ ಕಚೇರಿಯಲ್ಲಿ ಎಂಟು ಹಾಕಿ ತೋರಿಸಿದರೆ ಮುಗಿಯಿತು.

ನಮ್ಮ ಊರಿನಲ್ಲಿ ಉಳಿದೆಲ್ಲದಕ್ಕೂ ಉಸ್ತಾದ್ ಇದ್ದಾರೆ. ಕುರ್‌ಆನ್ ಓದಲು ಉಸ್ತಾದ್. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯಲು ಉಸ್ತಾದ್. ಗರಡಿ ಮನೆಯಲ್ಲಿ ಅದೇ ಮಾತು ವಸ್ತಾದ್ ಆಗಿದೆ. ನನ್ನ ನಾನಾ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದ ಕಾಲದಲ್ಲಿ ಕೆಲಸಕ್ಕಿದ್ದವರು. ಮೊದಲ ಕೆಲವು ತಿಂಗಳು ಅವರಿಗೆ ಯಂತ್ರ ಮುಟ್ಟಲು ಬಿಡಲಿಲ್ಲವಂತೆ, ಅರ ಹಿಡಿದು ಕಬ್ಬಿಣ ಉಜ್ಜಿಸಿದರಂತೆ. ಒಂದೇ ಕಡೆ ನಿಂತಿರುವ ಲೇತಿಗೆ ಇಷ್ಟು ಕಲಿಕೆ ಬೇಕಾದರೆ, ಪಿ.ಬಿ. ರಸ್ತೆಯಲ್ಲಿ ಓಡುವ ಯಂತ್ರಕ್ಕೆ ಬೇಡವೇ?

ಇದು ಬರೀ ನನ್ನ ತಮ್ಮನ ಕಥೆಯಲ್ಲ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು.

ಬಿದ್ದ ಮೇಲೆ ನಾನು ಈ ವಿಷಯ ಓದಲು, ವಿಡಿಯೋ ನೋಡಲು ಶುರು ಮಾಡಿದೆ. ಅಮೆರಿಕದ ಕೀತ್ ಕೋಡ್ ಎಂಬವರು 1980ರಲ್ಲಿ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಆರಂಭಿಸಿದರು. ಅದು 2010ರಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೂ ಬಂತು. ಅಲ್ಲಿ ಕಲಿಸುವುದು ರೇಸ್ ಗೆಲ್ಲುವುದನ್ನಲ್ಲ. ಮೊದಲ ದಿನದ ಮೊದಲ ಪಾಠ ಆಕ್ಸಿಲರೇಟರ್ ಅನ್ನು ಹದವಾಗಿ ತಿರುಗಿಸುವುದು. ಎಲ್ಲಿ ತಿರುಗಬೇಕು, ಎಲ್ಲಿ ನೋಡಬೇಕು, ಹೇಗೆ ಕೂರಬೇಕು ಎನ್ನುವುದು ಒಂದೊಂದಾಗಿ ಆಮೇಲೆ.

ಕೀತ್ ಕೋಡ್ ಅವರ ಒಂದು ವಿಚಾರ ಕಾಮರ್ಸ್ ಹುಡುಗನಾದ ನನಗೆ ತಕ್ಷಣ ಅರ್ಥವಾಯಿತು. ನಮ್ಮ ಗಮನ ಹತ್ತು ಡಾಲರ್ ನೋಟಿನಂತೆ. ಒಂದು ವಿಷಯಕ್ಕೆ ಐದು ಖರ್ಚಾದರೆ ಉಳಿದೆಲ್ಲದಕ್ಕೆ ಐದೇ. ಹೊಸದಾಗಿ ಕಲಿಯುವವನು ಗೇರಿಗೇ ಏಳೆಂಟು ಸುರಿದುಬಿಡುತ್ತಾನೆ. ಅಭ್ಯಾಸವಾದಂತೆ ಆ ಖರ್ಚು ಇಳಿಯುತ್ತದೆ, ಉಳಿತಾಯ ರಸ್ತೆಗೆ ಸಿಗುತ್ತದೆ. ಭಯವಾದಾಗ ಮಾತ್ರ ಪೂರ್ತಿ ಹತ್ತೂ ಒಂದೇ ಕಡೆ ಹೋಗುತ್ತದೆ. ನಾನು ಆ ದಿನ ನಾಯಿಯನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಖಾಲಿ ಜಾಗವಿತ್ತು ಎಂದು ತಮ್ಮ ಆಮೇಲೆ ಹೇಳಿದ.

ಇನ್ನೊಂದು ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಪಾಯ ಕಂಡು ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಹಿಡಿದರೂ, ಅಷ್ಟರಲ್ಲಿ ಹೆಚ್ಚುಕಡಿಮೆ ಒಂದು ಕ್ರಿಕೆಟ್ ಪಿಚ್ ದಾಟಿರುತ್ತೇವೆ. ಬೈಕ್ ನಿಲ್ಲಲು ಒಣ ರಸ್ತೆಯಲ್ಲೂ ಇನ್ನೊಂದು ಪಿಚ್‌ನಷ್ಟು ಜಾಗ ಬೇಕು. ಮಳೆಯಲ್ಲಿ, ಮರಳಿನ ಮೇಲೆ ಇನ್ನೂ ಹೆಚ್ಚು.

ಕೋಚ್ ಮಾಡುವ ಕೆಲಸ ಏನು? ಅವನು ಕಲಿಯುವವನ ಹಿಂದೆ, ಒಮ್ಮೊಮ್ಮೆ ಮುಂದೆ ಬೈಕ್ ಓಡಿಸುತ್ತಾ ಗಮನಿಸುತ್ತಾನೆ. ಹತ್ತು ತಪ್ಪು ಕಂಡರೂ ಈಗ ತಿದ್ದಬೇಕಾದ ಒಂದನ್ನು ಆರಿಸುತ್ತಾನೆ. ಗಾಡಿ ನಿಂತ ಮೇಲೆ ಬೈಯುವುದಿಲ್ಲ, "ಆ ತಿರುವಿನಲ್ಲಿ ಏನು ಮಾಡಿದೆ?" ಎಂದು ಕೇಳುತ್ತಾನೆ. ವೇಗವಾಗಿ ಓಡಿಸುವವರು ನಮ್ಮ ಕ್ಲಾಸಿನಲ್ಲೇ ನಾಲ್ಕು ಜನ ಸಿಗುತ್ತಾರೆ. ಹೀಗೆ ತಾಳ್ಮೆಯಿಂದ ಕೇಳುವವರು ಕಷ್ಟ.

ಕರ್ನಾಟಕದಲ್ಲಿ ಈ ದಾರಿ ಹೊಸದೇನಲ್ಲ. 2015ರಲ್ಲಿ ಡಾಕರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಕಡೆ ಬಿಗ್ ರಾಕ್ ಡರ್ಟ್ ಪಾರ್ಕ್ ಕಟ್ಟಿ ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸುವುದನ್ನು ಕಲಿಸಲು ತೊಡಗಿದರು. 2021ರ ಡಾಕರ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದವರೂ ಅವರೇ. 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಬೆಂಗಳೂರಿನವರು. ಬೈಕ್ ಹುಡುಗರಿಗೆ ಮಾತ್ರ ಅನ್ನುವವರು ಇದನ್ನು ನೆನಪಿಡಲಿ.

ಇನ್ನು ಅಬ್ಬಾ ಕೇಳಿದ ಪ್ರಶ್ನೆ: "ಹೊಟ್ಟೆ ತುಂಬುತ್ತಾ?" ನ್ಯಾಯವಾದ ಪ್ರಶ್ನೆ. ಚೆನ್ನೈನ ಶಾಲೆ ನಡೆಯುವುದೇ ವರ್ಷಕ್ಕೆ ಕೆಲವು ದಿನ. ಅದೊಂದನ್ನೇ ನಂಬಿ ಸಂಸಾರ ನಡೆಯುವುದಿಲ್ಲ. ಟ್ರ್ಯಾಕ್‌ನಲ್ಲಿ ಕಲಿಯಲು ಶುಲ್ಕ, ಲೆದರ್ ಸೂಟ್, ಬೂಟು, ಪ್ರಯಾಣ ಎಲ್ಲವೂ ದುಬಾರಿ. ಅದಕ್ಕೇ ಬಿ.ಕಾಂ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಮೊದಲು ಹದಿನೆಂಟು ತುಂಬಲಿ, ಲೈಸೆನ್ಸ್ ಬರಲಿ. ಪ್ರಥಮ ಚಿಕಿತ್ಸೆ ಕಲಿಯುತ್ತೇನೆ. ದುಡಿದು ಉಳಿಸಿದ ಹಣದಲ್ಲಿ ವಿದ್ಯಾರ್ಥಿಯಾಗಿ ಟ್ರ್ಯಾಕಿಗೆ ಹೋಗುತ್ತೇನೆ. ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಬೇಕೆಂದರೂ ಕಾನೂನಿನಂತೆ ಹತ್ತನೇ ತರಗತಿ ಪಾಸು, ಐದು ವರ್ಷದ ಚಾಲನಾ ಅನುಭವ, ಮೋಟಾರ್ ಮೆಕ್ಯಾನಿಕ್ ಸರ್ಟಿಫಿಕೇಟ್ ಬೇಕು. ಇದರಲ್ಲಿ ಸದ್ಯ ನನ್ನ ಹತ್ತಿರ ಇರುವುದು ಹತ್ತನೇ ತರಗತಿ ಒಂದೇ. ಅವಸರವಿಲ್ಲ.

ಆದರೆ ನಮ್ಮ ಕಾಲೇಜು ಅಷ್ಟು ವರ್ಷ ಕಾಯಬೇಕಾಗಿಲ್ಲ. ನಮ್ಮಲ್ಲಿ ಹಲವರು ಪಕ್ಕದ ಬೀದಿಯಲ್ಲಿ ಬೈಕ್ ನಿಲ್ಲಿಸಿ ಒಳಗೆ ನಡೆದು ಬರುತ್ತಾರೆ. ಇದು ಎಲ್ಲರಿಗೂ ಗೊತ್ತು, ಲೆಕ್ಚರರ್‌ಗಳಿಗೂ ಗೊತ್ತು. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಪೋಷಕರಿಗೆ, ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು ಕಾನೂನಿದೆ. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಗೆಳೆಯರೇ, ಮೊದಲು ಆ ಕೀಲಿ ಮನೆಯಲ್ಲಿಡಿ. ನಾನು ಇಟ್ಟಿದ್ದೇನೆ, ಬಸ್ಸಿನಲ್ಲಿ ಬರುತ್ತಿದ್ದೇನೆ.

ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟು. ತಿಂಗಳಿಗೆ ಒಂದು ಭಾನುವಾರ ಕಾಲೇಜು ಮೈದಾನ ಕೊಡಿ. ಹದಿನೆಂಟು ತುಂಬಿ ಎಲ್‌ಎಲ್‌ಆರ್ ಪಡೆದವರಿಗೆ, ಹುಡುಗಿಯರಿಗೂ ಸೇರಿಸಿ, ಲೈಸೆನ್ಸ್ ಇರುವ ಅನುಭವಿಯೊಬ್ಬರಿಂದ ಬ್ರೇಕ್ ಹಿಡಿಯುವುದು, ತಿರುಗುವುದು, ನೋಡುವುದು ಈ ಮೂರನ್ನೇ ಕಲಿಸಿ. ಆರ್‌ಟಿಓದವರನ್ನೂ ಒಮ್ಮೆ ಕರೆಯಿಸಿ. ಖರ್ಚು ಹತ್ತು ಪ್ಲಾಸ್ಟಿಕ್ ಕೋನು, ಒಂದು ಸೀಟಿ, ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಹದಿನೆಂಟು ತುಂಬದ ನಾವು ಕೋನು ಇಡುತ್ತೇವೆ, ಬದಿಯಲ್ಲಿ ನಿಂತು ನೋಡುತ್ತೇವೆ.

ತಮ್ಮನ ಕೈ ಕೂಡಿಕೊಂಡಿದೆ, ಬೌಲಿಂಗೂ ಮಾಡುತ್ತಾನೆ. "ಲೈಸೆನ್ಸ್ ಬಂದ ಮೇಲೆ ಹಿಂದೆ ಕೂರ್ತೀಯೇನೋ?" ಎಂದು ಮೊನ್ನೆ ಕೇಳಿದೆ. "ನೀನು ಮೊದಲು ಕಲಿ ಭಾಯ್, ಆಮೇಲೆ ನೋಡೋಣ" ಅಂದ.