ಪ್ರಶ್ನೆಪತ್ರಿಕೆಯ ಹಿಂದೂ ಧರ್ಮ

ಠಾಣೆಯಿಂದ ಹೊರಟು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚನ್ನು ಹಿಡಿದು ಸಾಗುವ ಘೋಡಬಂದರ್ ರಸ್ತೆಯ ಬಹುಮಹಡಿ ವಸತಿಗಳಲ್ಲಿ ತುಳು-ಕನ್ನಡಿಗರ ಮನೆಗಳು ಕಡಿಮೆಯೇನಿಲ್ಲ. ಅಂಥ ಮನೆಯ ಮಗುವಿಗೆ ಧರ್ಮವೆಂದರೆ ಮೊದಲು ಊರಿನ ನಾಗಬನ, ದೈವದ ಕೋಲ; ಬ್ರಹ್ಮ, ಆತ್ಮ, ಮೋಕ್ಷಗಳ ಮಾತು ಬಂದರೂ ಆಮೇಲೆ. ಶಾಲೆಯಲ್ಲಿ ಇವಾವುದರ ಪರೀಕ್ಷೆಯೂ ಅದಕ್ಕಿಲ್ಲ. ಸಂವಿಧಾನದ 28ನೆಯ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿದೆ. ಧರ್ಮಬೋಧನೆ ಬೇರೆ, ಧರ್ಮಗಳ ಕುರಿತ ಅಧ್ಯಯನ ಬೇರೆ ಎಂಬ ಭೇದವನ್ನು ಸರ್ವೋಚ್ಚ ನ್ಯಾಯಾಲಯವು 2002ರ ಅರುಣಾ ರಾಯ್ ಪ್ರಕರಣದಲ್ಲಿ ಮನ್ನಿಸಿತಾದರೂ ಆ ಅಧ್ಯಯನ ಇಲ್ಲಿಯ ಶಾಲೆಗಳಲ್ಲಿ ಪರೀಕ್ಷಾ ವಿಷಯವಾಗಿ ಬೇರೂರಲಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗುವಿನ ಸ್ಥಿತಿ ಬೇರೆ. 2016ರಿಂದ ಬೋಧನೆಗೆ ಬಂದ ಜಿ.ಸಿ.ಎಸ್.ಇ. ಧರ್ಮಾಧ್ಯಯನದಲ್ಲಿ ಎರಡು ಧರ್ಮಗಳನ್ನು ಓದಬೇಕು. ಹಿಂದೂ ಧರ್ಮ ಅವುಗಳಲ್ಲೊಂದಾಗಬಹುದು. ಎ.ಕ್ಯು.ಎ. ಮಂಡಳಿಯ ಪತ್ರಿಕೆಯಲ್ಲಿ ನಂಬಿಕೆಗಳಿಗೆ 24 ಅಂಕ, ಆಚರಣೆಗಳಿಗೆ 24 ಅಂಕ.

ಈ ವಿಂಗಡಣೆಯೇ ಚರ್ಚಾರ್ಹ. ಮೊದಲು ನಂಬಿಕೆ, ಅದರಿಂದ ಹುಟ್ಟುವ ಆಚರಣೆ ಎಂಬ ಅನುಕ್ರಮವು ಕ್ರೈಸ್ತ ಧರ್ಮಶಾಸ್ತ್ರದ ಮಾದರಿಗೆ ಹತ್ತಿರದ್ದು. ಕರಾವಳಿಯ ದೈವಾರಾಧನೆ ಅದಕ್ಕೆ ಒಗ್ಗದು. ಪಾಡ್ದನವನ್ನು ಹಾಡುವಾಗ, ಪಾತ್ರಿ ನುಡಿ ಕೊಡುವಾಗ, ಕುಟುಂಬದ ವ್ಯಾಜ್ಯ ದೈವದ ಮುಂದೆ ಇತ್ಯರ್ಥವಾಗುವಾಗಲೇ ಅಲ್ಲಿ ನಂಬಿಕೆ ರೂಪುಗೊಳ್ಳುತ್ತದೆ. ಕೊಡವರನ್ನು ಕುರಿತ ಎಂ. ಎನ್. ಶ್ರೀನಿವಾಸರ 1952ರ ಗ್ರಂಥವು ಧರ್ಮವನ್ನು ಶಾಸ್ತ್ರವಾಕ್ಯಗಳಿಂದಲ್ಲದೆ ಒಕ್ಕ ಮತ್ತು ಊರುಗಳ ಆಚರಣೆಯಿಂದ ಅರಿಯಲು ಹೊರಟದ್ದು ಈ ದೃಷ್ಟಿಯಿಂದ ಮೌಲಿಕವಾದುದು.

ಆದರೂ ಆ ಪತ್ರಿಕೆಯ 12 ಅಂಕದ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹೇಳಿಕೆಯೊಂದನ್ನು ಮುಂದಿಟ್ಟು, ಪರ ವಿರೋಧಗಳೆರಡನ್ನೂ ತೂಗಿ ನಿರ್ಣಯಕ್ಕೆ ಬರುವಂತೆ ಅದು ವಿದ್ಯಾರ್ಥಿಯನ್ನು ಕೇಳುತ್ತದೆ. ಕೇವಲ ಉರುಹೊಡೆದವನು ಅಲ್ಲಿ ಗೆಲ್ಲುವುದು ಕಷ್ಟ. ದೇವಾಲಯದ ಪೂಜೆ ಅನಿವಾರ್ಯವೇ ಎಂಬ ಪ್ರಶ್ನೆ ಬಂದರೆ ಕನ್ನಡದಲ್ಲಿ ಉತ್ತರಕ್ಕೆ ಬರಗಾಲವಿಲ್ಲ: ದೇಹವನ್ನೇ ದೇಗುಲವೆಂದ ಬಸವಣ್ಣನಿದ್ದಾನೆ, ಉಡುಪಿಯಲ್ಲಿ ಕನಕನ ಕಿಂಡಿಯ ಐತಿಹ್ಯವಿದೆ. (ಬಸವಣ್ಣನ ಮಾರ್ಗ ಹಿಂದೂ ಧರ್ಮದ ಒಳಗಿನದೋ ಹೊರಗಿನದೋ ಎಂಬ ವಾದ 2018ರಲ್ಲಿ ಕರ್ನಾಟಕ ಸರ್ಕಾರದ ಶಿಫಾರಸಿನವರೆಗೂ ಹೋಯಿತು, ಅದೇ ಒಂದು 12 ಅಂಕದ ಪ್ರಶ್ನೆಯಾದೀತು.) 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಬಸವಣ್ಣನ ಪ್ರತಿಮೆ ನಿಂತಿತು. ಅವನ ವಚನ ಉತ್ತರಪತ್ರಿಕೆಯನ್ನು ಸೇರಬೇಕಾದರೆ ಹದಿನೈದರ ಹರೆಯದವರಿಗೆ ಎಟಕುವ ಟಿಪ್ಪಣಿಗಳು ಬೇಕು.

ಪಾಡ್ದನ, ವಚನ, ಕೀರ್ತನೆಗಳ ಸಂಪಾದನೆಯಲ್ಲಿ ಕನ್ನಡ ವಿದ್ವಾಂಸರ ದುಡಿಮೆ ದೊಡ್ಡದು. ಆದರೆ ಅದು ಬಹುಮಟ್ಟಿಗೆ ಸಂಶೋಧಕರಿಗೇ ಮೀಸಲಾಯಿತು. ಶಾಲಾ ಮಕ್ಕಳಿಗಾಗಿ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಕೈಪಿಡಿಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ಹೊರನಾಡಿನ ಕನ್ನಡ ವಿಭಾಗಗಳಲ್ಲದೆ ಬೇರೆ ಯಾರು ಕೈಗೊಳ್ಳಬೇಕು? ನಾಗತಂಬಿಲದ ದಿನ ಮನೆಯಲ್ಲಿ ಏನನ್ನು ವರ್ಜಿಸುತ್ತಾರೆ, ಏಕೆ ಎಂಬುದನ್ನು ಘೋಡಬಂದರ್ ರಸ್ತೆಯ ಅಜ್ಜಿಯರಿಂದ ಕೇಳಿ ಬರೆದುಕೊಳ್ಳುವುದರಿಂದಲೇ ಅದನ್ನು ಆರಂಭಿಸಬಹುದು.