ಒತ್ತು ಜಾರಿದ ಪ್ರಿಂಟರ್

ಪುಣೆಯ ನಮ್ಮ ಭಾನುವಾರದ ಕನ್ನಡ ತರಗತಿಗೆ 18 ಮಕ್ಕಳು. ಕಳೆದ ಶನಿವಾರ ರಾತ್ರಿ ಅವರಿಗಾಗಿ ಒತ್ತಕ್ಷರದ ಹಾಳೆ ಪ್ರಿಂಟ್ ಕೊಟ್ಟೆ. ಸ್ಕ್ರೀನಿನಲ್ಲಿ ಎಲ್ಲವೂ ಸರಿ. ಕಾಗದದ ಮೇಲೆ ‘ಅಕ್ಕ’ನ ಒತ್ತು ಪಕ್ಕಕ್ಕೆ ಜಾರಿತ್ತು, ‘ಅಮ್ಮ’ನ ಜಾಗದಲ್ಲಿ ಬರೀ ಚೌಕ. ಇಂಗ್ಲಿಷ್ ಮಾತ್ರ ನೆಟ್ಟಗೆ. ಕಾರ್ಟ್ರಿಜ್ ತೆಗೆದು ಅಲ್ಲಾಡಿಸಿದ್ದೂ ಆಯಿತು (ಸಾಫ್ಟ್‌ವೇರ್‌ನವನಾದರೂ ಮೊದಲು ಕೈ ಹೋಗುವುದು ಅಲ್ಲಿಗೇ!).

ಆಮೇಲೆ ಹೊಳೆಯಿತು: ಬೆಳಿಗ್ಗೆಯಷ್ಟೇ ಡ್ರೈವರ್ ಅಪ್‌ಡೇಟ್ ಆಗಿತ್ತು. ಪುಟವನ್ನು ಪ್ರಿಂಟರಿಗೆ ತಿಳಿಯುವ ಭಾಷೆಗೆ ತಿರುಗಿಸುವುದು ಡ್ರೈವರ್ ಕೆಲಸ. ಹೊಸದು ಅಲ್ಲೇ ಎಡವಿತ್ತು. ಪ್ರಿಂಟರ್ ತೆಗೆದು ಮತ್ತೆ ಸೇರಿಸಿದರೂ ಅದೇ ಡ್ರೈವರ್ ಬಂದು ಕೂತಿತು. ಪ್ರಿಂಟರ್ ಅಳಿಸಿದ ಮಾತ್ರಕ್ಕೆ ಡ್ರೈವರ್ ಅಳಿಯುವುದಿಲ್ಲ. ವಿಂಡೋಸ್‌ನ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ನಲ್ಲಿರುವ ಡ್ರೈವರ್ಸ್ ಪಟ್ಟಿಯಿಂದ ಪ್ಯಾಕೇಜ್ ಸಮೇತ ಕಿತ್ತು, ಹಳೆಯದನ್ನು ಹಾಕಬೇಕು. ರಾತ್ರಿ ಹನ್ನೊಂದಕ್ಕೆ ಅಷ್ಟು ತಾಳ್ಮೆ ಯಾರಿಗಿದೆ? ಪಿಡಿಎಫ್ ಮಾಡಿ, ಅಕ್ರೊಬ್ಯಾಟ್ ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ ‘ಅಡ್ವಾನ್ಸ್ಡ್’ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ಗೆ ಗುರುತು ಹಾಕಿದೆ. ಆಗ ಪುಟ ಚಿತ್ರವಾಗಿ ಹೋಗುತ್ತದೆ, ಫಾಂಟಿನ ತಂಟೆಯಿಲ್ಲ. ನಿಧಾನ, ಆದರೆ ಅಮ್ಮ ಬಂದಳು.

ಕೆಟ್ಟ ಹಾಳೆಯನ್ನೂ ತರಗತಿಗೆ ಒಯ್ದಿದ್ದೆ, ತಪ್ಪು ಹುಡುಕಲಿ ಅಂತ. ಏಳು ವರ್ಷದ ಹುಡುಗಿಯೊಬ್ಬಳು ಪೆನ್ಸಿಲ್ ಹಿಡಿದು, ಜಾರಿದ ಒತ್ತುಗಳನ್ನೆಲ್ಲ ಅವುಗಳ ಜಾಗಕ್ಕೆ ತಂದು ಕೂರಿಸಿದಳು.