ಮೆಳ್ಳೆಗಣ್ಣಿಗೆ ಮದುವೆಯವರೆಗೆ ಕಾಯಬೇಡಿ

ಮಗಳಿಗೆ ಗಂಡು ಹುಡುಕಲು ಶುರು ಮಾಡಿದ ಮೇಲೆ ಎಷ್ಟೋ ಅಪ್ಪ ಅಮ್ಮಂದಿರು ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ‘ಕಣ್ಣು ಸ್ವಲ್ಪ ಮೆಳ್ಳೆ ಇದೆ, ನೇರ ಮಾಡಿಕೊಡಿ’ ಎನ್ನುತ್ತಾರೆ. ಕಣ್ಣು ನೇರವಾಗುತ್ತದೆ, ಆ ಶಸ್ತ್ರಚಿಕಿತ್ಸೆಯನ್ನು ಯಾವ ವಯಸ್ಸಿನಲ್ಲಿ ಬೇಕಾದರೂ ಮಾಡಬಹುದು. ಆದರೆ ಇನ್ನೊಂದು ಕಣ್ಣು ಮುಚ್ಚಿ ಓದಿಸಿ ನೋಡಿದರೆ ಆ ನೇರವಾದ ಕಣ್ಣಿಗೆ ಗೋಡೆಯ ಮೇಲಿನ ದೊಡ್ಡ ಅಕ್ಷರವೂ ಕಾಣುವುದಿಲ್ಲ. ಕನ್ನಡಕ ಹಾಕಿದರೂ ಅಷ್ಟೇ. ಹುಡುಗರಿಗಾದರೆ ಈ ಸಂಗತಿ ಗೊತ್ತಾಗುವುದು ಪೊಲೀಸ್ ಕೆಲಸಕ್ಕೋ ಸೇನೆಗೋ ಸೇರಲು ಹೋಗಿ, ವೈದ್ಯಕೀಯ ತಪಾಸಣೆಯಲ್ಲಿ ವಾಪಸ್ಸು ಬಂದಾಗ.

ಮೆಳ್ಳೆಗಣ್ಣನ್ನು ನಾವು ಅಂದಚೆಂದದ ವಿಷಯ ಎಂದುಕೊಂಡಿದ್ದೇವೆ. ಅದಕ್ಕೇ ಕಾಯುತ್ತೇವೆ. ದಯವಿಟ್ಟು ಈ ಎಣಿಕೆಯನ್ನು ಬಿಡಿ ಎಂದು ಮನೆಮನೆಯ ಹಿರಿಯರನ್ನು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಎರಡು ಕಣ್ಣು ಎರಡು ದಿಕ್ಕಿಗೆ ನೋಡಿದರೆ ಒಂದೇ ವಸ್ತು ಎರಡಾಗಿ ಕಾಣಬೇಕು. ದೊಡ್ಡವರಿಗೆ ಹಾಗೇ ಆಗುತ್ತದೆ. ಮಗುವಿನ ಮಿದುಳು ಮಾತ್ರ ಈ ಗೊಂದಲವನ್ನು ಸಹಿಸುವುದಿಲ್ಲ. ಓರೆಯಾದ ಕಣ್ಣಿನಿಂದ ಬರುವ ಚಿತ್ರವನ್ನೇ ತಳ್ಳಿಹಾಕುತ್ತದೆ. ತಿಂಗಳು, ವರ್ಷ ಹೀಗೇ ನಡೆದರೆ ಆ ಕಣ್ಣಿನ ನೋಟ ಬೆಳೆಯುವುದೇ ಇಲ್ಲ. ಇದನ್ನೇ ಸೋಮಾರಿ ಕಣ್ಣು ಎನ್ನುತ್ತಾರೆ. ಒಳ್ಳೆಯ ಕಣ್ಣೊಂದು ಇದ್ದೇ ಇರುವುದರಿಂದ ಮಗು ಓಡುತ್ತದೆ, ಆಡುತ್ತದೆ, ಓದುತ್ತದೆ, ಕಾಣುವುದಿಲ್ಲವೆಂದು ಒಮ್ಮೆಯೂ ದೂರುವುದಿಲ್ಲ. ಈ ನೋಟವನ್ನು ಮರಳಿ ಬೆಳೆಸುವುದಕ್ಕೆ ಏಳೆಂಟು ವರ್ಷದೊಳಗಿನ ಕಾಲವೇ ಪ್ರಶಸ್ತ. ಆಮೇಲೂ ಕೆಲವರಲ್ಲಿ ಸುಧಾರಣೆ ಕಾಣುವುದುಂಟು, ಆದರೆ ವರ್ಷ ಕಳೆದಂತೆಲ್ಲ ಫಲ ಇಳಿಯುತ್ತ ಹೋಗುತ್ತದೆ.

‘ಮೆಳ್ಳೆಗಣ್ಣು ಅದೃಷ್ಟ, ಮುಟ್ಟಬೇಡಿ’ ಎನ್ನುವ ಅಜ್ಜಿಯರಿದ್ದಾರೆ. ‘ಬೆಳೀತಾ ಬೆಳೀತಾ ಸರಿಹೋಗುತ್ತೆ’ ಎನ್ನುವವರು ಇನ್ನೂ ಹೆಚ್ಚು. ಅಜ್ಜಿಯರ ಮಮತೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಹುಟ್ಟಿದ ಕೂಸಿನ ಕಣ್ಣು ಮೊದಲ ಮೂರು ನಾಲ್ಕು ತಿಂಗಳು ಆಗಾಗ ಅತ್ತಿತ್ತ ಹೊರಳುವುದಷ್ಟೇ ಸಹಜ. ಆಮೇಲೂ ಓರೆ ಕಂಡರೆ ತೋರಿಸಲೇಬೇಕು. ಕೆಲವು ಕೂಸುಗಳ ಮೂಗಿನ ಬುಡ ಅಗಲವಾಗಿರುವುದರಿಂದ ಕಣ್ಣು ಮೆಳ್ಳೆಯಂತೆ ಕಾಣುತ್ತದೆ, ನಿಜದಲ್ಲಿ ನೇರವಾಗಿಯೇ ಇರುತ್ತದೆ. ಅದನ್ನು ಹೇಳಬೇಕಾದವರೂ ಡಾಕ್ಟರೇ. ಇನ್ನೊಂದು ಮಾತು: ಕಣ್ಣುಪಾಪೆಯೊಳಗೆ ಬಿಳಿ ಹೊಳಪು ಕಂಡರೆ, ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಒಂದು ಕಣ್ಣು ಬೆಳ್ಳಗೆ ಹೊಳೆದರೆ, ಒಂದು ದಿನವೂ ತಡಮಾಡಬೇಡಿ. ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರು ಹೀಗೆ ಕಾಣಿಸಿಕೊಳ್ಳಬಹುದು, ಕೆಲವು ಸಲ ಬರೀ ಮೆಳ್ಳೆಗಣ್ಣಾಗಿಯೂ. ಬೇಗ ಸಿಕ್ಕರೆ ಮಗುವಿನ ಜೀವ ಉಳಿಯುತ್ತದೆ.

ಮನೆಯಲ್ಲೇ ಗಮನಿಸಬಹುದಾದ್ದು ಬಹಳ ಇದೆ. ಮಗು ಆಟದಲ್ಲಿ ಮುಳುಗಿರುವಾಗ ಅಂಗೈಯಿಂದ ಅದರ ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದ ಕೂಸು ಇನ್ನೊಂದನ್ನು ಮುಚ್ಚಿದ ಕೂಡಲೇ ಅತ್ತು ಕೈ ತಳ್ಳಿದರೆ, ಅದು ಆ ಎರಡನೆಯ ಕಣ್ಣನ್ನೇ ನಂಬಿದೆ ಎಂದರ್ಥ. ಜಗಲಿಯಿಂದ ಬಿಸಿಲಿಗೆ ಇಳಿದೊಡನೆ ಒಂದೇ ಕಣ್ಣು ಮುಚ್ಚಿಕೊಳ್ಳುವ ಮಕ್ಕಳಿರುತ್ತಾರೆ. ನಾವದನ್ನು ಚೇಷ್ಟೆ ಎಂದುಕೊಳ್ಳುತ್ತೇವೆ. ಆಗಾಗ ಮಾತ್ರ ಕಣ್ಣು ಹೊರಕ್ಕೆ ಜಾರುವ ಮೆಳ್ಳೆಯ ಸಾಮಾನ್ಯ ಗುರುತು ಅದು. ಟಿವಿ ನೋಡುವಾಗ ಯಾವಾಗಲೂ ಕತ್ತು ಒಂದೇ ಕಡೆಗೆ ಓರೆ ಮಾಡುವುದೂ ಅಷ್ಟೇ. ಶಾಲೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಮೇಷ್ಟ್ರು, ಮೇಡಂಗಳಲ್ಲಿ ಒಂದು ವಿನಂತಿ: ಮಕ್ಕಳು ಬೆರಳ ಸಂದಿಯಿಂದ ಇಣುಕುತ್ತಾರೆ, ಮುಂದಿನವನು ಹೇಳಿದ ಅಕ್ಷರಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಅಂಗೈ ಪೂರ್ತಿ ಮುಚ್ಚಿಸಿ, ಸಾಲನ್ನು ತಿರುಗಾಮುರುಗಾ ಕೇಳಿ.

ಚಿಕಿತ್ಸೆ ಎಂದೊಡನೆ ಆಪರೇಷನ್ನೇ ಎಂದು ಹೆದರುವುದು ಬೇಡ. ಎರಡು ಮೂರು ವರ್ಷದ ಹೊತ್ತಿಗೆ ಕಣ್ಣು ಒಳಕ್ಕೆ ತಿರುಗುವ ಅನೇಕ ಮಕ್ಕಳಿಗೆ ಪ್ಲಸ್ ಪವರಿನ ಕನ್ನಡಕವೊಂದೇ ಸಾಕಾಗುತ್ತದೆ. ಕನ್ನಡಕ ತೆಗೆದಾಗ ಕಣ್ಣು ಮತ್ತೆ ಒಳಗೆ ಸರಿಯುವುದನ್ನು ಕಂಡು ‘ಕನ್ನಡಕದಿಂದಲೇ ಹೆಚ್ಚಾಯಿತು’ ಎಂದು ಅದನ್ನು ಬೀರುವಿನಲ್ಲಿಡುವ ಮನೆಗಳಿವೆ. ಹಾಗೆ ಮಾಡಬೇಡಿ, ಕನ್ನಡಕ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಆಪರೇಷನ್ ಬೇಕಾದರೂ ಕಣ್ಣುಗುಡ್ಡೆಯನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಪ್ರತಿ ಕಣ್ಣನ್ನು ಹೊರಳಿಸುವ ಆರು ಸ್ನಾಯುಗಳಲ್ಲಿ ಬೇಕಾದ್ದನ್ನು ಸಡಿಲಿಸುತ್ತಾರೆ, ಇಲ್ಲವೇ ಬಿಗಿ ಮಾಡುತ್ತಾರೆ. ಕೆಲವರಿಗೆ ಎರಡನೆಯ ಸಲ ಬೇಕಾಗಬಹುದು.

ನಿಜವಾದ ಕಷ್ಟ ಇರುವುದು ಪಟ್ಟಿ ಕಟ್ಟುವುದರಲ್ಲಿ. ಸೋಮಾರಿ ಕಣ್ಣಿಗೆ ಕೆಲಸ ಕೊಡಬೇಕಾದರೆ ಚೆನ್ನಾಗಿ ಕಾಣುವ ಕಣ್ಣನ್ನು ದಿನಕ್ಕೆ ಎರಡು ಗಂಟೆ, ಕೆಲವರಿಗೆ ಆರು ಗಂಟೆಯವರೆಗೆ, ತಿಂಗಳುಗಟ್ಟಲೆ ಮುಚ್ಚಬೇಕು. ಕಾಣುವ ಕಣ್ಣನ್ನೇ ಮುಚ್ಚಿದರೆ ಮಗು ಸುಮ್ಮನಿರುತ್ತದೆಯೇ? ಅಳುತ್ತದೆ, ಎಡವುತ್ತದೆ, ಕಿತ್ತೆಸೆಯುತ್ತದೆ. ನೋಡಲಾರದೆ ತಾಯಿ ತೆಗೆದುಬಿಡುತ್ತಾಳೆ. ಪಟ್ಟಿಯನ್ನು ಕನ್ನಡಕದ ಗಾಜಿಗೆ ಅಂಟಿಸಿದರೆ ಮಗು ಬದಿಯಿಂದ ಇಣುಕುತ್ತದೆ. ಚರ್ಮಕ್ಕೇ ಅಂಟಿಸಿ ಮೇಲೆ ಕನ್ನಡಕ ಹಾಕಬೇಕು. ಆ ಹೊತ್ತಿನಲ್ಲಿ ಅದರ ಕೈಗೊಂದು ಕೆಲಸ ಕೊಡಿ: ಮಣಿ ಪೋಣಿಸಲಿ, ಅಳಗುಳಿಮಣೆ ಆಡಲಿ, ಚುಕ್ಕಿ ಸೇರಿಸಿ ರಂಗೋಲಿ ಬಿಡಿಸಲಿ. ಪಟ್ಟಿ ಎಷ್ಟಕ್ಕೂ ನಿಲ್ಲದಿದ್ದರೆ ಕೆಲವು ಮಕ್ಕಳಿಗೆ ಹನಿ ಹಾಕಿ ಒಳ್ಳೆಯ ಕಣ್ಣನ್ನು ಮಬ್ಬು ಮಾಡುವ ದಾರಿಯೂ ಇದೆ. ಡಾಕ್ಟರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ನೆರೆಹೊರೆಯವರೇ, ಆ ಮಗು ಎದುರಾದಾಗ ‘ಅಯ್ಯೋ, ಕಣ್ಣಿಗೇನಾಯ್ತು ಪುಟ್ಟಾ’ ಎನ್ನಬೇಡಿ. ದಿನಕ್ಕೆ ನಾಲ್ಕು ಜನ ಹಾಗೆ ಕೇಳಿದರೆ ಐದನೆಯ ದಿನ ಪಟ್ಟಿ ಕಸದ ಬುಟ್ಟಿಯಲ್ಲಿರುತ್ತದೆ.

ಕಣ್ಣಿನ ಬೆಲೆ ಕನ್ನಡಿಗರಿಗೆ ಗೊತ್ತಿಲ್ಲದ್ದಲ್ಲ. 2006ರಲ್ಲಿ ಡಾ. ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣು ದಾನವಾದವು. 2021ರಲ್ಲಿ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ಬೆಳಕಾಯಿತು. ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಆದರೆ ಆ ದಾನವೂ ಸೋಮಾರಿ ಕಣ್ಣಿಗೆ ಒದಗುವುದಿಲ್ಲ. ಕಸಿ ಮಾಡುವುದು ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾವನ್ನು ಮಾತ್ರ. ಇಲ್ಲಿ ಕಾರ್ನಿಯಾ ಸರಿಯಾಗಿಯೇ ಇರುತ್ತದೆ, ನೋಡಲು ಕಲಿಯದೆ ಉಳಿದದ್ದು ಮಿದುಳು. ಆ ಕಲಿಕೆಯನ್ನು ಯಾರೂ ಯಾರಿಗೂ ದಾನ ಮಾಡಲಾರರು.

ದುಡ್ಡಿನ ಚಿಂತೆಯಿಂದ ಹಿಂಜರಿಯುವವರಿಗೂ ದಾರಿಯಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ದೃಷ್ಟಿದೋಷವೂ ಅದರ ವ್ಯಾಪ್ತಿಯಲ್ಲಿದೆ. ತಂಡ ಗುರುತಿಸಿ ಕಳಿಸಿದ ಮಕ್ಕಳಿಗೆ ಮುಂದಿನ ಚಿಕಿತ್ಸೆ ಉಚಿತ. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಬರುವುದು ತಡವಾದರೆ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳನ್ನು ಕಾಣಿ. ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ನೂರು ವರ್ಷಕ್ಕೂ ಮಿಕ್ಕಿ ಇದೇ ಕೆಲಸದಲ್ಲಿದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಮೆಳ್ಳೆಗಣ್ಣೋ ಚಿಕ್ಕಂದಿನಿಂದ ದಪ್ಪ ಕನ್ನಡಕವೋ ಇದ್ದರೆ, ತೊಂದರೆ ಕಾಣಿಸದಿದ್ದರೂ ಒಮ್ಮೆ ತೋರಿಸಿ. ಒಂಬತ್ತು ತಿಂಗಳು ತುಂಬಿದ ಕೂಸನ್ನು ದಡಾರ-ರುಬೆಲ್ಲಾ ಲಸಿಕೆಗೆಂದು ಎತ್ತಿಕೊಂಡು ಹೋದಾಗ, ಸೂಜಿ ಚುಚ್ಚಿಸುವ ಮೊದಲು, ‘ಕಣ್ಣನ್ನೂ ಒಂದು ಸಲ ನೋಡಿ’ ಎಂದು ಅಲ್ಲಿರುವ ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ.